ಅಜ್ಜನಿಂದ ಬಂದ ನಂಬಿಕೆ ಮೊಮ್ಮಗಳದ್ದಾಗುವುದು ಹೇಗೆ?

ಪ್ರಶ್ನೆ: ನಾನು ಗದಗ-ಬೆಟಗೇರಿಯಲ್ಲಿ ಬೆಳೆದವಳು. ಈಗ ಪತಿ ಮತ್ತು ನಾಲ್ಕು ವರ್ಷದ ಮಗಳೊಂದಿಗೆ ಪುಣೆಯಲ್ಲಿದ್ದೇನೆ. ತಂದೆ ತಾಯಿ ಇಬ್ಬರೂ ನೌಕರಿಯಲ್ಲಿದ್ದುದರಿಂದ ನನ್ನನ್ನು ಸಾಕಿದವರು ಅಜ್ಜ. ಅವರು ಕನ್ನಡ ಶಾಲೆಯ ಶಿಕ್ಷಕರಾಗಿದ್ದು, ಕ್ರೈಸ್ತ ಸಭೆಯ ಹಿರಿಯರಲ್ಲಿ ಒಬ್ಬರಾಗಿದ್ದರು. ಪ್ರತಿ ಸಂಜೆ ದೀಪ ಹಚ್ಚಿದ ಮೇಲೆ ಸತ್ಯವೇದದ (ಬೈಬಲಿನ) ಒಂದು ಭಾಗವನ್ನು ಓದಿಸಿ, ಒಂದು ಸಂಗೀತ (ಭಕ್ತಿಗೀತೆ) ಹಾಡಿಸಿ, ಕೊನೆಗೆ ಓಣಿಯ ನೇಕಾರರ ಮನೆಗಳನ್ನೂ ಒಂದೊಂದಾಗಿ ಹೆಸರಿಸಿ ಪ್ರಾರ್ಥಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ನನಗೊಂದು ಕಳವಳ ಹುಟ್ಟಿದೆ. ಪ್ರಾರ್ಥಿಸಲು ಕುಳಿತರೆ ನನ್ನ ಬಾಯಿಂದ ಬರುವುದು ಅವರ ಮಾತುಗಳೇ, ಕಿವಿಗೆ ಕೇಳುವುದು ಅವರ ಸ್ವರವೇ. ನಾನು ದೇವರನ್ನು ನಂಬುತ್ತಿದ್ದೇನೋ, ಅಜ್ಜನನ್ನು ನಂಬುತ್ತಿದ್ದೇನೋ ಎಂದು ತಿಳಿಯದಾಗಿದೆ. ನನ್ನ ತಂದೆ ದೇವಾಲಯಕ್ಕೆ ಹೋಗುವುದನ್ನು ಬಿಟ್ಟು ಬಹಳ ವರ್ಷಗಳಾದವು. ಅಜ್ಜನನ್ನು ನೋಡಿಯೇ ಇರದ ಮಗಳಿಗೆ ನಾನು ಏನನ್ನು ಕೊಡಲಿ?

ಉತ್ತರ: ಕರ್ತನಲ್ಲಿ ಪ್ರಿಯ ಸಹೋದರಿ,

ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಎಲ್ಲಕ್ಕೂ ಮೂಲವಾಗಿರುವುದು ಒಂದೇ ಅಳುಕು: ಇನ್ನೊಬ್ಬರ ಕೈಯಿಂದ ಬಂದ ನಂಬಿಕೆ ನಿಜವಾದ ನಂಬಿಕೆ ಆಗಬಲ್ಲದೇ ಎಂಬುದು. ಆಗಬಲ್ಲದು ಎಂದು ಮೊದಲೇ ಹೇಳಿಬಿಡುತ್ತೇನೆ. ಕ್ರೈಸ್ತ ನಂಬಿಕೆ ಯಾರ ಮೂಲಕವೂ ಬರದೆ ನೇರವಾಗಿ ಆಕಾಶದಿಂದ ಇಳಿದು ಬಂದ ಉದಾಹರಣೆಗಳು ಸತ್ಯವೇದದಲ್ಲಿಯೂ ವಿರಳ. ಕ್ರೈಸ್ತರನ್ನು ಹಿಂಸಿಸುತ್ತಿದ್ದು, ದಮಸ್ಕದ ದಾರಿಯಲ್ಲಿ ಬೆಳಕನ್ನು ಕಂಡು ಅಪೊಸ್ತಲನಾದ ಪೌಲನಿಗೂ ಅನನೀಯನೆಂಬ ಮನುಷ್ಯನ ಕೈ ಬೇಕಾಯಿತು. ಆದ್ದರಿಂದ ನಿಮ್ಮ ನಂಬಿಕೆ ಅಜ್ಜನಿಂದ ಬಂತು ಎಂಬುದು ಅದರ ದೋಷವಲ್ಲ. ಬಂದ ನಂಬಿಕೆಗೆ ನೀವು ನಿಮ್ಮ ಬದುಕಿನಿಂದ ಉತ್ತರ ಕೊಡಲು ಆರಂಭಿಸಿದ್ದೀರಾ ಎಂಬುದಷ್ಟೇ ಕೇಳಿಕೊಳ್ಳಬೇಕಾದದ್ದು. ಮತ್ತು ಈ ಪತ್ರವನ್ನು ಬರೆದಿರುವುದೇ ಅಂಥ ಆರಂಭದ ಗುರುತು ಎಂದು ನಾನು ತಿಳಿಯುತ್ತೇನೆ.

ಸತ್ಯವೇದದಲ್ಲಿ ಇದೇ ಪ್ರಶ್ನೆಯನ್ನು ಜೀವಮಾನವಿಡೀ ಹೊತ್ತು ನಡೆದವನು ಯಾಕೋಬ. ಅವನನ್ನು ನಾವು ಇಸಾಕನ ಮಗನಾಗಿ, ಏಸಾವನ ತಮ್ಮನಾಗಿ, ಹನ್ನೆರಡು ಕುಲಗಳ ಮೂಲಪುರುಷನಾಗಿ ನೆನೆಯುತ್ತೇವೆ. ಅಬ್ರಹಾಮನ ಮೊಮ್ಮಗನಾಗಿ ನೆನೆಯುವುದು ಕಡಿಮೆ. ಸತ್ಯವೇದದ ಮೊದಲ ಪುಸ್ತಕವಾದ ಆದಿಕಾಂಡದ ಲೆಕ್ಕದಂತೆ ಇಸಾಕನು ಹುಟ್ಟಿದಾಗ ಅಬ್ರಹಾಮನಿಗೆ 100 ವರ್ಷ, ಯಾಕೋಬನು ಹುಟ್ಟಿದಾಗ ಇಸಾಕನಿಗೆ 60 ವರ್ಷ, ಅಬ್ರಹಾಮನು ತೀರಿಕೊಂಡದ್ದು 175ನೆಯ ವಯಸ್ಸಿನಲ್ಲಿ. ಅಂದರೆ ಅಜ್ಜನು ಕಣ್ಣು ಮುಚ್ಚಿದಾಗ ಮೊಮ್ಮಗನಿಗೆ 15 ವರ್ಷ. ಇಬ್ರಿಯರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯವೂ ಅಬ್ರಹಾಮನು ಇಸಾಕ ಯಾಕೋಬರ ಜೊತೆಗೆ ಗುಡಾರಗಳಲ್ಲಿ ವಾಸವಾಗಿದ್ದನೆಂದು ಹೇಳುತ್ತದೆ. ಆ ಹದಿನೈದು ವರ್ಷಗಳಲ್ಲಿ ಅಜ್ಜ ಮೊಮ್ಮಗನಿಗೆ ಏನು ಹೇಳಿದನೆಂದು ಶಾಸ್ತ್ರವು ಬರೆದಿಡಲಿಲ್ಲ. ಆದರೆ ಊರು ಬಿಟ್ಟು ಬಂದದ್ದು, ನಕ್ಷತ್ರಗಳನ್ನು ಎಣಿಸಲು ಹೇಳಿದ ಸ್ವರ, ಮಗನನ್ನೇ ಬಲಿಕೊಡಲು ಹೊರಟ ಮೋರೀಯ ಬೆಟ್ಟದ ಕಥೆ ಇವೆಲ್ಲ ಆ ಗುಡಾರದಲ್ಲಿ ಮೌನವಾಗಿ ಉಳಿದಿರಲಾರವು.

ಹಾಗಿದ್ದೂ, ಅಣ್ಣನಿಗೆ ಹೆದರಿ ಓಡುವಾಗ ಬೇತೇಲಿನಲ್ಲಿ ಕಲ್ಲನ್ನು ತಲೆದಿಂಬಾಗಿ ಇಟ್ಟುಕೊಂಡು ಮಲಗಿದ ಯಾಕೋಬನಿಗೆ ದೇವರು ತನ್ನನ್ನು ಪರಿಚಯಿಸಿಕೊಂಡದ್ದು ಅಬ್ರಹಾಮನ ದೇವರು, ಇಸಾಕನ ದೇವರು ಎಂದೇ. ಅದಕ್ಕೆ ಯಾಕೋಬನು ಮಾಡಿದ ಹರಕೆಯನ್ನು ಗಮನವಿಟ್ಟು ಓದಿ. ದೇವರು ನನ್ನ ಸಂಗಡ ಇದ್ದು, ದಾರಿಯಲ್ಲಿ ಕಾಪಾಡಿ, ತಿನ್ನಲು ಅನ್ನ, ಉಡಲು ಬಟ್ಟೆ ಕೊಟ್ಟು, ತಂದೆಯ ಮನೆಗೆ ಸುಖವಾಗಿ ಮರಳಿಸಿದರೆ ಆಗ ಯೆಹೋವನು ನನಗೆ ದೇವರಾಗಿರುವನು ಎಂಬುದು ಅದರ ತಾತ್ಪರ್ಯ. ಇದು ಚೌಕಾಸಿಯಂತೆ ಕಾಣುವುದರಿಂದ ಅನೇಕ ಉಪದೇಶಿಗಳು ಇಲ್ಲಿ ಯಾಕೋಬನನ್ನು ಗದರಿಸಿ ಮುಂದೆ ಹೋಗುತ್ತಾರೆ. ನನಗೆ ಇದು ಶಾಸ್ತ್ರದ ಬಹು ಪ್ರಾಮಾಣಿಕ ವಾಕ್ಯಗಳಲ್ಲಿ ಒಂದಾಗಿ ಕಾಣುತ್ತದೆ. ಅಜ್ಜನ ದೇವರು ಇನ್ನೂ ತನ್ನವನಾಗಿಲ್ಲವೆಂಬುದನ್ನು ಯಾಕೋಬನು ಮರೆಮಾಚಲಿಲ್ಲ, ಮತ್ತು ಹಾಗೆಂದು ಒಪ್ಪಿಕೊಂಡದ್ದಕ್ಕಾಗಿ ದೇವರು ಅವನನ್ನು ಬಿಟ್ಟುಬಿಡಲೂ ಇಲ್ಲ. ಇಪ್ಪತ್ತು ವರ್ಷ ಸೋದರಮಾವ ಲಾಬಾನನ ಮನೆಯಲ್ಲಿ ದುಡಿದು, ಹಿಂದಿರುಗುವ ದಾರಿಯಲ್ಲಿ ಏಸಾವನ ಭಯದಿಂದ ಪ್ರಾರ್ಥಿಸುವಾಗಲೂ ಅವನ ಬಾಯಿಗೆ ಬಂದದ್ದು ಅಬ್ರಹಾಮನ ದೇವರೇ, ಇಸಾಕನ ದೇವರೇ ಎಂಬ ಮನೆತನದ ಮಾತೇ. ಅದೇ ರಾತ್ರಿ ಯಬ್ಬೋಕ್ ಹೊಳೆಯ ದಡದಲ್ಲಿ ಮನುಷ್ಯರೂಪದಲ್ಲಿ ಬಂದ ದೇವರೊಡನೆ ಹೋರಾಟ ನಡೆಯಿತು, ತೊಡೆಯ ಕೀಲು ತಪ್ಪಿತು, ಇಸ್ರಾಯೇಲ ಎಂಬ ಹೊಸ ಹೆಸರು ಬಂತು. ಆ ಮೇಲೆ ಶೆಕೆಮಿನ ಹತ್ತಿರ ಕಟ್ಟಿದ ಯಜ್ಞವೇದಿಗೆ ಅವನು ಇಟ್ಟ ಹೆಸರಿನಲ್ಲಿ ಅಬ್ರಹಾಮನೂ ಇಲ್ಲ, ಇಸಾಕನೂ ಇಲ್ಲ. ಇಸ್ರಾಯೇಲನ ದೇವರು ಎಂದು ತನಗೆ ಕೊಡಲ್ಪಟ್ಟ ಹೆಸರನ್ನೇ ಅವನು ದೇವರ ಹೆಸರಿನೊಂದಿಗೆ ಸೇರಿಸಿದ.

ಈ ಕ್ರಮವನ್ನು ನಿಮ್ಮ ಸ್ಥಿತಿಗೆ ಹೊಂದಿಸಿ ನೋಡಿ. ಅಜ್ಜನ ಮಾತುಗಳಿಂದ ಪ್ರಾರ್ಥಿಸುವುದು ಯಾಕೋಬನಿಗೆ ಹೊಸ ಹೆಸರು ಬರುವ ತನಕವೂ ನಡೆಯಿತು. ಅದನ್ನು ಬಿಟ್ಟ ಮೇಲಷ್ಟೇ ದೇವರು ಸಿಕ್ಕನೆಂದು ಎಲ್ಲಿಯೂ ಬರೆದಿಲ್ಲ. ಆ ಮಾತುಗಳ ಮೂಲಕವೇ ನಡೆದು ಒಂದು ದಿನ ಅವನು ತನ್ನ ಮಾತಿಗೆ ತಲುಪಿದ. ನಿಮ್ಮ ಬಾಯಿಂದ ಬರುವ ಅಜ್ಜನ ವಾಕ್ಯಗಳಿಗಾಗಿ ನಾಚಿಕೊಳ್ಳಬೇಕಾಗಿಲ್ಲ. ಅವರ ಸ್ವರವನ್ನು ಒತ್ತಾಯದಿಂದ ಕಿವಿಯಿಂದ ಹೊರಗೆ ಹಾಕುವ ಪ್ರಯತ್ನವನ್ನಂತೂ ಮಾಡಲೇಬೇಡಿ. ದುಃಖ ಇನ್ನೂ ಹಸಿಯಾಗಿರುವಾಗ ಆ ಪ್ರಯತ್ನವು ಪ್ರಾರ್ಥನೆಯನ್ನೇ ನಿಲ್ಲಿಸಿಬಿಡುವುದನ್ನು ಸಭಾಪಾಲಕನಾಗಿ (ಪಾದ್ರಿಯಾಗಿ) ಕಂಡಿದ್ದೇನೆ.

ಪೌಲನು ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯೂ ಇಲ್ಲಿ ನೆರವಿಗೆ ಬರುತ್ತದೆ. ತಿಮೊಥೆಯನ ನಂಬಿಕೆ ಮೊದಲು ಅವನ ಅಜ್ಜಿ ಲೋವಿಯಲ್ಲಿಯೂ ತಾಯಿ ಯೂನಿಕೆಯಲ್ಲಿಯೂ ಇತ್ತೆಂದು ಪೌಲನು ಹೆಸರು ಹಿಡಿದು ಬರೆಯುತ್ತಾನೆ. ತಂದೆ ಗ್ರೀಕನೆಂದು ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯ ಹೇಳುತ್ತದೆ. ಅವನ ನಂಬಿಕೆಯ ಸುದ್ದಿ ಅಲ್ಲಿಲ್ಲ. ಒಂದು ತಲೆಮಾರಿನಲ್ಲಿ ಅರ್ಧ ಮನೆ ಸುಮ್ಮನಿದ್ದರೂ ನಂಬಿಕೆ ದಾಟಿಬರಬಲ್ಲದೆಂಬುದಕ್ಕೆ ನಿಮ್ಮ ಮನೆಯೊಂದೇ ಸಾಕ್ಷಿಯಲ್ಲ. ಅದಕ್ಕಿಂತ ಮುಖ್ಯವಾದದ್ದು ಅದೇ ಪತ್ರಿಕೆಯ 3ನೆಯ ಅಧ್ಯಾಯದಲ್ಲಿದೆ. ಕಲಿತ ಮಾತುಗಳಲ್ಲಿ ನೆಲೆಯಾಗಿ ನಿಲ್ಲು ಎಂದು ಹೇಳಿ, ಅದಕ್ಕೆ ಕಾರಣ ಕೊಡುವಾಗ ಪೌಲನು ಮೊದಲು ಹೇಳುವುದು ಯಾರಿಂದ ಕಲಿತೆಯೆಂಬುದು ನಿನಗೆ ಗೊತ್ತಲ್ಲವೇ ಎಂದು. ಕಲಿಸಿದವರ ನಡತೆಯನ್ನು ಅವನು ನಂಬಿಕೆಗೆ ಒಂದು ಆಧಾರವಾಗಿ ಎಣಿಸುತ್ತಾನೆ. ನಿಮ್ಮ ಅಜ್ಜ ಓಣಿಯ ನೇಕಾರರ ಮನೆಗಳನ್ನು ಹೆಸರಿಸಿ ಪ್ರಾರ್ಥಿಸಿ, ಮರುದಿನ ಅದೇ ಮನೆಗಳ ಮುಂದೆ ತಲೆ ತಗ್ಗಿಸದೆ ನಡೆದುಹೋಗುವಂಥ ಬಾಳು ಬಾಳಿದ್ದರೆ, ಆ ಬಾಳನ್ನು ನೋಡಿ ಅವರ ದೇವರನ್ನು ನಂಬಿದ್ದು ಅವಿವೇಕವಲ್ಲ. ಅಜ್ಜನನ್ನು ನಂಬುವುದು, ದೇವರನ್ನು ನಂಬುವುದು ಎಂದು ನೀವು ಎದುರುಬದುರು ನಿಲ್ಲಿಸಿದ ಎರಡು ಸಂಗತಿಗಳಲ್ಲಿ ಮೊದಲನೆಯದು ಎರಡನೆಯದಕ್ಕೆ ದಾರಿಯಾಗಿತ್ತು.

ದಾರಿಯಲ್ಲೇ ನಿಂತುಬಿಡಬಾರದು ಎಂಬುದೂ ಅಷ್ಟೇ ನಿಜ. ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯದ ಸಮಾರ್ಯದವರು ಮೊದಲು ಬಾವಿಯ ಬಳಿ ಯೇಸುವನ್ನು ಕಂಡ ಹೆಂಗಸಿನ ಮಾತಿನಿಂದ ಆತನನ್ನು ನಂಬಿದರು. ಯೇಸು ಸ್ವಾಮಿ ಎರಡು ದಿನ ಅವರ ಊರಿನಲ್ಲಿ ಉಳಿದ ಮೇಲೆ, ಇನ್ನು ನಿನ್ನ ಮಾತಿನಿಂದಲ್ಲ, ನಾವೇ ಕಿವಿಯಾರೆ ಕೇಳಿ ತಿಳಿದಿದ್ದೇವೆ ಎಂದರು. ಆ ಹೆಂಗಸಿಗೆ ಇದರಿಂದ ಅವಮಾನವಾಯಿತೆಂದು ನಾನು ಭಾವಿಸುವುದಿಲ್ಲ. ನಮ್ಮ ಸಭೆಗಳಲ್ಲಿ ಶಿಶುವಿಗೆ ದೀಕ್ಷಾಸ್ನಾನ ಕೊಟ್ಟು, ಬೆಳೆದ ಮೇಲೆ ಉಪದೇಶ ಕೊಡಿಸಿ ದೃಢೀಕರಣಕ್ಕೆ ನಿಲ್ಲಿಸುವ ಪದ್ಧತಿಯ ಉದ್ದೇಶವೂ ಇದೇ. ತೊಡೆಯ ಮೇಲಿದ್ದಾಗ ಹಿರಿಯರು ಕೊಟ್ಟ ಮಾತಿಗೆ ಮಗು ಒಂದು ದಿನ ಸಭೆಯೆದುರು ತಾನೇ ನಿಂತು ಉತ್ತರ ಕೊಡಬೇಕು. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಕೊಟ್ಟ ಆ ಉತ್ತರವನ್ನು ಮೂವತ್ತರ ಹೊತ್ತಿಗೆ ಮತ್ತೊಮ್ಮೆ ಕೊಡಬೇಕಾಗಿ ಬರುತ್ತದೆ ಎಂಬುದನ್ನು ಮಾತ್ರ ನಾವು ದೃಢೀಕರಣದ ಪಾಠಗಳಲ್ಲಿ ಸಾಕಷ್ಟು ಹೇಳಿಕೊಡುವುದಿಲ್ಲ.

ಇನ್ನು ಅಜ್ಜಂದಿರ ಗುರುತು ಇಷ್ಟು ಆಳವಾಗಿ ಉಳಿಯುವುದೇಕೆಂದು ನೋಡೋಣ. ತಂದೆ ತಾಯಿಗಳಿಗೆ ಮಗುವನ್ನು ಎಬ್ಬಿಸಿ, ಉಣ್ಣಿಸಿ, ಶಾಲೆಗೆ ಅಟ್ಟಿ, ಅಂಕಗಳನ್ನು ವಿಚಾರಿಸುವ ಹೊಣೆಯಿರುತ್ತದೆ. ಅವರ ಭಕ್ತಿಯ ಮಾತೂ ಎಷ್ಟೋ ಸಲ ಶಿಸ್ತಿನ ಮಾತಿನ ಜೊತೆಗೇ ಬರುತ್ತದೆ. ಅಜ್ಜನಿಗೆ ಆ ಅವಸರವಿಲ್ಲ. ಅವನು ಪ್ರಾರ್ಥಿಸುವುದು ಮಗುವನ್ನು ತಿದ್ದಲಿಕ್ಕಾಗಿ ಅಲ್ಲ. ಅವನಿಗೆ ಪ್ರಾರ್ಥನೆ ಬೇಕಾಗಿದೆ, ಮಗು ಪಕ್ಕದಲ್ಲಿ ಕುಳಿತಿದೆ, ಅಷ್ಟೆ. ತನ್ನನ್ನು ಉದ್ದೇಶಿಸದೆ ನಡೆಯುವ ಆ ಭಕ್ತಿಯನ್ನು ಮಗು ನಂಬುತ್ತದೆ. ಜೊತೆಗೆ, ಇಳಿವಯಸ್ಸಿನವರ ಮೈಯಲ್ಲಿ ನೋವಿದೆ, ಮನೆಯಲ್ಲಿ ಸಾವುಗಳಾಗಿವೆ. ಇಷ್ಟೆಲ್ಲ ಆದ ಮೇಲೂ ಈ ಮನುಷ್ಯ ಮೊಣಕಾಲೂರುತ್ತಾನೆ ಎಂಬುದನ್ನು ಮಗು ನೋಡುತ್ತದೆ, ಅದನ್ನು ಹೇಳಲು ಮಾತಿಲ್ಲದಿದ್ದರೂ. ಸಂಗೀತದ ವಿಷಯವಂತೂ ಬೇರೆಯೇ. 1834ರಲ್ಲಿ ಮಂಗಳೂರಿಗೆ ಬಂದು, ಕೆಲವೇ ವರ್ಷಗಳಲ್ಲಿ ಧಾರವಾಡದ ಕಡೆಗೂ ಹಬ್ಬಿದ ಬಾಸೆಲ್ ಮಿಷನ್ ಎಂಬ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯವರು ಜರ್ಮನ್ ರಾಗಗಳಿಗೆ ಕನ್ನಡ ಮಾತುಗಳನ್ನು ಕೂಡಿಸಿ ಹಾಡಿಸಿದ ಸಂಗೀತಗಳು ನಮ್ಮ ಹಳೆಯ ಮನೆಗಳಲ್ಲಿ ಇಂದಿಗೂ ಬಾಯಿಪಾಠವಾಗಿವೆ. ಮುಪ್ಪಿನಲ್ಲಿ ಮಕ್ಕಳ ಹೆಸರನ್ನೇ ಮರೆತವರೂ ಚಿಕ್ಕಂದಿನ ಸಂಗೀತವನ್ನು ಎತ್ತಿಕೊಂಡರೆ ಚರಣ ತಪ್ಪದೆ ಹಾಡುವುದನ್ನು ರೋಗಿಗಳ ಭೇಟಿಗೆ ಹೋಗುವ ಪ್ರತಿಯೊಬ್ಬ ಸಭಾಪಾಲಕನೂ ಕಂಡಿರುತ್ತಾನೆ.

ನಿಮ್ಮ ಪ್ರಶ್ನೆಗೆ ಬಹಳ ಹತ್ತಿರವಾದ, ನಮ್ಮ ನಾಡಿಗೂ ಸಂಬಂಧವಿರುವ ಒಂದು ಮನೆತನದ ಚರಿತ್ರೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. 1814ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಹುಟ್ಟಿದ ಹರ್ಮನ್ ಗುಂಡರ್ಟ್ 1836ರಲ್ಲಿ ಭಾರತಕ್ಕೆ ಬಂದು, ಬಾಸೆಲ್ ಮಿಷನ್ನನ್ನು ಸೇರಿ, 1839ರಿಂದ ತಲಶ್ಶೇರಿಯಲ್ಲಿ ನೆಲೆಸಿದವರು. ಅವರ ಮಲಯಾಳ ನಿಘಂಟು 1872ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಮುಂದೆ 1894ರಲ್ಲಿ ಕಿಟ್ಟೆಲರ ಕನ್ನಡ ನಿಘಂಟನ್ನು ಹೊರತಂದದ್ದೂ ಅದೇ ಮುದ್ರಣಾಲಯ. ಗುಂಡರ್ಟರ ಮಗಳು ಮಾರೀ 1842ರಲ್ಲಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ಅವಳ ಎರಡನೆಯ ಗಂಡ ಯೋಹಾನ್ನೆಸ್ ಹೆಸ್ಸೆ ಕೆಲವು ವರ್ಷ ಮಂಗಳೂರಿನಲ್ಲಿ ಮಿಷನ್ನಿನ ಸೇವೆ ಮಾಡಿ, ಆರೋಗ್ಯ ಕೆಟ್ಟು ಹಿಂದಿರುಗಿದವರು. ಈ ದಂಪತಿಗೆ 1877ರ ಜುಲೈ 2ರಂದು ಜರ್ಮನಿಯ ಕಾಲ್ವ್ ಎಂಬ ಊರಿನಲ್ಲಿ ಹುಟ್ಟಿದ ಮಗನೇ, ಮುಂದೆ 1946ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಲೇಖಕ ಹರ್ಮನ್ ಹೆಸ್ಸೆ. ಅಜ್ಜನ ಹೆಸರೇ ಮೊಮ್ಮಗನಿಗೆ.

ಭಾರತದಿಂದ 1859ರಲ್ಲಿ ಮರಳಿದ ಗುಂಡರ್ಟ್ ಕಾಲ್ವ್‌ನ ಕ್ರೈಸ್ತ ಪ್ರಕಾಶನ ಸಂಸ್ಥೆಯೊಂದನ್ನು ನಡೆಸುತ್ತಿದ್ದರು. ಬಾಸೆಲ್‌ನಲ್ಲಿದ್ದ ಹೆಸ್ಸೆ ಕುಟುಂಬವು 1886ರಲ್ಲಿ ಕಾಲ್ವ್‌ಗೆ ಹಿಂದಿರುಗಿ ಅಜ್ಜನಿದ್ದ ಮನೆಯಲ್ಲೇ ಇಳಿದಾಗ ಹುಡುಗನಿಗೆ ಒಂಬತ್ತು ವರ್ಷ. ಹಲವು ಭಾಷೆಗಳ ಪುಸ್ತಕಗಳು, ಭಾರತದಿಂದ ತಂದ ವಸ್ತುಗಳು, ದೂರದಿಂದ ಬರುವ ಅತಿಥಿಗಳು, ಇವೆಲ್ಲದರ ನಡುವೆ ಬಿಳಿ ಗಡ್ಡದ ಆ ವಿದ್ವಾಂಸ. ಹುಡುಗನನ್ನು ಮನೆಯವರು ದೈವಶಾಸ್ತ್ರದ ದಾರಿಗೆಂದು ಮೌಲ್‌ಬ್ರೋನ್‌ನ ಗುರುಮಠದ ಶಾಲೆಗೆ ಸೇರಿಸಿದರು. ಅಜ್ಜನೂ ತನ್ನ ಕಾಲದಲ್ಲಿ ಓದಿದ ಶಾಲೆ ಅದು. 1892ರ ಮಾರ್ಚ್‌ನಲ್ಲಿ ಹುಡುಗ ಅಲ್ಲಿಂದ ಓಡಿಹೋದ. ಮನೆಯಲ್ಲಿ ಆದ ಆಘಾತ, ಮುಂದೆ ಅವನನ್ನು ಒಂದರ ಮೇಲೊಂದು ಕಡೆ ಇರಿಸಿದ್ದು, ಅವನು ತಂದೆಗೆ ಬರೆದ ಕಹಿಯಾದ ಪತ್ರಗಳು, ಇವೆಲ್ಲ ಚೆನ್ನಾಗಿ ದಾಖಲಾಗಿವೆ. ಆದರೆ ಹೆಸ್ಸೆಗೆ ಮುಪ್ಪಿನ ತನಕ ನೆನಪಿನಲ್ಲಿ ಉಳಿದದ್ದು ಬೇರೊಂದು. ಓಡಿಹೋದ ಪ್ರಕರಣದ ಬಳಿಕ ಅಜ್ಜನ ಕೋಣೆಗೆ ನಡುಗುತ್ತ ಹೋದಾಗ ಆ ವೃದ್ಧರು ಬೈಯಲಿಲ್ಲ, ವಚನ ಹೇಳಲಿಲ್ಲ; ತಮ್ಮ ವಿದ್ಯಾರ್ಥಿ ದಿನಗಳ ಆಡುಮಾತಿನಲ್ಲಿ, ಬುದ್ಧಿವಂತರು ಕೈಗೊಳ್ಳುವ ಸಣ್ಣದೊಂದು ಯಾತ್ರೆಗೆ ಹೋಗಿಬಂದೆಯಂತೆ ಎಂದು ಮುಗುಳ್ನಕ್ಕರು.

ಆ ನಗುವಿನ ಹಿಂದೆ ಏನಿತ್ತೆಂದು ನಾನು ಬಹಳ ಯೋಚಿಸಿದ್ದೇನೆ. ಗುಂಡರ್ಟ್ ಸ್ವತಃ ತಾರುಣ್ಯದಲ್ಲಿ ಡೇವಿಡ್ ಫ್ರೀಡ್ರಿಷ್ ಸ್ಟ್ರಾಸ್‌ನ ಪ್ರಭಾವಕ್ಕೆ ಒಳಗಾಗಿದ್ದವರು. ಸುವಾರ್ತೆಗಳ ಅದ್ಭುತಗಳನ್ನು ಪುರಾಣಗಳೆಂದು ವಿಶ್ಲೇಷಿಸಿ, ಆ ಕಾಲದ ಸಭೆಗಳನ್ನು ತಲ್ಲಣಗೊಳಿಸಿದ ವಿದ್ವಾಂಸ ಸ್ಟ್ರಾಸ್. ಆ ಗಾಳಿಯನ್ನು ಉಸಿರಾಡಿ, ಅದರ ಆಚೆ ಬಂದು, ಬಳಿಕ ಸಮುದ್ರ ದಾಟಿದ ಮನುಷ್ಯನಿಗೆ ಹದಿನಾಲ್ಕರ ಹುಡುಗನ ಓಟ ಲೋಕದ ಕೊನೆಯಾಗಿ ಕಾಣದಿದ್ದುದರಲ್ಲಿ ಆಶ್ಚರ್ಯವಿಲ್ಲ. 1893ರ ಏಪ್ರಿಲ್ 25ರಂದು ಗುಂಡರ್ಟ್ ತೀರಿಕೊಂಡಾಗ ಮೊಮ್ಮಗನಿಗೆ 15 ವರ್ಷ, ಅಬ್ರಹಾಮನು ತೀರಿಕೊಂಡಾಗ ಯಾಕೋಬನಿಗಿದ್ದಷ್ಟೇ. ಶಾಲೆಗಳಲ್ಲಿ ನಿಲ್ಲಲಾರದ ಆ ಹುಡುಗ ಮುಂದಿನ ವರ್ಷಗಳಲ್ಲಿ ತನ್ನನ್ನು ತಾನೇ ಓದಿಸಿಕೊಂಡದ್ದು ಬಹುಮಟ್ಟಿಗೆ ಅಜ್ಜ ಬಿಟ್ಟುಹೋದ ದೊಡ್ಡ ಗ್ರಂಥಭಂಡಾರದಲ್ಲಿ.

ಅವನು ಅಜ್ಜನ ನಂಬಿಕೆಯಲ್ಲಿ ಉಳಿದನೇ? ಅಜ್ಜ ಬಯಸಿದ ರೀತಿಯಲ್ಲಿ ಉಳಿಯಲಿಲ್ಲ. ಯಾವ ಸಭೆಯ ಚೌಕಟ್ಟಿನೊಳಗೂ ಅವನು ನೆಲೆಸಲಿಲ್ಲ. ಆದರೆ 1931ರಲ್ಲಿ ತನ್ನ ನಂಬಿಕೆಯನ್ನು ಕುರಿತು ಬರೆಯುವಾಗ, ತಾನು ಧರ್ಮವನ್ನು ಕಂಡದ್ದು ಎರಡು ರೂಪಗಳಲ್ಲಿ, ಸಜ್ಜನರಾದ ಪ್ರೊಟೆಸ್ಟಂಟ್ ಭಕ್ತರ ಮಗನೂ ಮೊಮ್ಮಗನೂ ಆಗಿ ಮತ್ತು ಭಾರತದ ಧರ್ಮಗ್ರಂಥಗಳ ಓದುಗನಾಗಿ ಎಂದು ಹೇಳಿದ. ತನ್ನನ್ನು ರೂಪಿಸಿದ ಶಕ್ತಿಗಳಲ್ಲೆಲ್ಲ ಪ್ರಬಲವಾದದ್ದು ಮನೆಯಲ್ಲಿ ಉಪದೇಶವಾಗಿ ಅಲ್ಲದೆ ಬಾಳುವೆಯಾಗಿ ಕಂಡ ಕ್ರೈಸ್ತಧರ್ಮವೇ ಎಂಬ ಅರ್ಥದ ಮಾತನ್ನೂ ಬರೆದ. ಸಭಾಪಾಲಕನಾದ ನಾನು ಹೆಸ್ಸೆಯ ದಾರಿಯನ್ನು ನಿಮ್ಮ ಮುಂದೆ ಮಾದರಿಯಾಗಿ ಇಡಲಾರೆ. ಸಭೆಯವರು ಒಟ್ಟಾಗಿ ರೊಟ್ಟಿ ದ್ರಾಕ್ಷಾರಸಗಳನ್ನು ಹಂಚಿಕೊಳ್ಳುವ ಕರ್ತನ ರಾತ್ರಿಭೋಜನದ ಮೇಜಿನಿಂದ ದೂರವಾದ ನಂಬಿಕೆ ಒಂಟಿಯಾಗಿ ಸೊರಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೂ ಸಭೆಯನ್ನು ಬಿಟ್ಟ ಮೊಮ್ಮಗನಲ್ಲಿ ಸಹ ಅಜ್ಜನ ಬಾಳು ಅಳಿಸದೆ ಉಳಿಯಿತು, ಮತ್ತು ಉಳಿದದ್ದು ಗದರಿಕೆಯ ಬಲದಿಂದಲ್ಲ.

ಅದೇ ಅಜ್ಜನ ಇನ್ನೊಬ್ಬ ಮೊಮ್ಮಗ ವಿಲ್ಹೆಲ್ಮ್ ಗುಂಡರ್ಟ್ ಅಜ್ಜನಂತೆಯೇ ಮಿಷನರಿಯಾಗಿ ಜಪಾನಿಗೆ ಹೋಗಿ, ಬಳಿಕ ಆ ದೇಶದ ಭಾಷೆ ಮತ್ತು ಧರ್ಮಗಳ ದೊಡ್ಡ ವಿದ್ವಾಂಸನಾದ. ಹೆಸ್ಸೆ 1922ರಲ್ಲಿ ಪ್ರಕಟಿಸಿದ ‘ಸಿದ್ಧಾರ್ಥ’ ಕಾದಂಬರಿಯ ಎರಡನೆಯ ಭಾಗವನ್ನು ಅರ್ಪಿಸಿದ್ದು ಅವನಿಗೆ. ಆದರೆ ಮುಂದೆ ವಿಲ್ಹೆಲ್ಮ್ ನಾಜಿ ಪಕ್ಷವನ್ನು ಸೇರಿದ. ಸಭೆಯಿಂದ ದೂರವಿದ್ದ ಹೆಸ್ಸೆ ಆ ಮೋಹಕ್ಕೆ ಒಳಗಾಗಲಿಲ್ಲ. ಇದನ್ನು ನೋವಿನಿಂದಲೇ ಬರೆಯುತ್ತಿದ್ದೇನೆ. ಅಜ್ಜನ ವೃತ್ತಿಯನ್ನು ಮುಂದುವರಿಸಿದ ಮಾತ್ರಕ್ಕೆ ಅಜ್ಜನ ಮನಸ್ಸಾಕ್ಷಿ ಬರುವುದಿಲ್ಲ. ಪ್ರವಾದಿ ಯೆಹೆಜ್ಕೇಲನ ಗ್ರಂಥದ 18ನೆಯ ಅಧ್ಯಾಯ ಹೇಳುವಂತೆ ತಂದೆಯ ನೀತಿ ಮಗನಿಗೆ ತಾನಾಗಿ ಲೆಕ್ಕವಾಗುವುದಿಲ್ಲ, ತಂದೆಯ ಪಾಪವೂ ಅಷ್ಟೆ.

ಆದ್ದರಿಂದ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ತೀರಿಕೊಂಡವರನ್ನು ಪ್ರೀತಿಸುವವರು ಅವರ ಮಾತುಗಳನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿಡುತ್ತಾರೆ. ನಿಮ್ಮ ಅಜ್ಜ ಕಲಿಸಿದ ಪ್ರಾರ್ಥನೆ ಒಂದು. ಮದುವೆ ಸಂಬಂಧ, ಬೇರೆ ಸಭೆಯವರ ಆರಾಧನೆ, ಹೆಣ್ಣುಮಕ್ಕಳ ನೌಕರಿ, ನೆರೆಹೊರೆಯ ಹಬ್ಬಗಳು ಇವುಗಳ ಬಗ್ಗೆ ಅವರಿಗಿದ್ದ ಅಭಿಪ್ರಾಯಗಳು ಇನ್ನೊಂದು. ಅವುಗಳಲ್ಲಿ ಕೆಲವು ನಿಮಗೆ ಇಂದು ಸರಿಯೆನಿಸದಿದ್ದರೆ ಅದರಿಂದ ನೀವು ಅವರ ದೇವರನ್ನು ಬಿಟ್ಟಂತೆ ಆಗುವುದಿಲ್ಲ. ಅಜ್ಜನ ಹೆಸರಿಗೆ ಕಳಂಕ ಬರಬಾರದು ಎಂಬ ಭಯದಿಂದ ಮಾತ್ರ ಭಾನುವಾರ ದೇವಾಲಯಕ್ಕೆ ಹೋಗುತ್ತಿದ್ದರೆ ಆ ಭಯವನ್ನು ದೇವರ ಮುಂದೆ ಹಾಗೆಯೇ ಹೇಳಿರಿ. ಅಜ್ಜ ನಿಮಗೆ ಸಾಕ್ಷಿಯಾಗಿದ್ದವರು, ಮಧ್ಯಸ್ಥರಲ್ಲ. ದೇವರಿಗೂ ಮನುಷ್ಯರಿಗೂ ಮಧ್ಯಸ್ಥನು ಕ್ರಿಸ್ತ ಯೇಸು ಒಬ್ಬನೇ ಎಂಬುದನ್ನು ಸಹ ಬಹುಶಃ ಅವರೇ ನಿಮಗೆ ಬಾಯಿಪಾಠ ಮಾಡಿಸಿರಬೇಕು.

ಪ್ರಾರ್ಥನೆಯ ವಿಷಯದಲ್ಲಿ ನೀವು ಮಾಡಬಹುದಾದದ್ದು ಹೀಗೆ. ಅಜ್ಜನ ಮಾತುಗಳಿಂದ ಆರಂಭಿಸಿ, ಅವರಿಗೆ ಗೊತ್ತೇ ಇರದಿದ್ದ ಒಂದು ಸಂಗತಿಯನ್ನು ಪ್ರತಿದಿನ ನಿಮ್ಮ ಮಾತಿನಲ್ಲಿ ದೇವರಿಗೆ ಹೇಳಿರಿ: ಪುಣೆಯ ನಿಮ್ಮ ಮನೆ, ಮಗಳ ಜ್ವರ, ಕೆಲಸದ ಜಾಗದ ಅನ್ಯಾಯ, ಅಜ್ಜ ಇಲ್ಲವಾದರೆಂಬ ಕೋಪ ಸಹ. ಅಜ್ಜ ಬಳಸದಿದ್ದ ಮಾತು ಬಂದರೆ ಬರಲಿ. ಅವರು ನೆರೆಯವರನ್ನು ಹೆಸರಿಸಿ ಪ್ರಾರ್ಥಿಸುತ್ತಿದ್ದ ರೂಢಿಯನ್ನು ಉಳಿಸಿಕೊಂಡು, ನೇಕಾರರ ಮನೆಗಳಿದ್ದ ಜಾಗದಲ್ಲಿ ನಿಮ್ಮ ಕಟ್ಟಡದ ಮನೆಗಳನ್ನು ಇಡಿರಿ. ಹೆಸರು ಗೊತ್ತಿಲ್ಲದಿದ್ದರೆ ಬಾಗಿಲು ತಟ್ಟಿ ಪರಿಚಯ ಮಾಡಿಕೊಳ್ಳಬೇಕಾದೀತು. ಅಜ್ಜನ ಸತ್ಯವೇದವನ್ನು ಜೋಪಾನವಾಗಿಡಿ, ಆದರೆ ನಿತ್ಯದ ಓದಿಗೆ ಬೇರೊಂದು ಪ್ರತಿಯನ್ನು ಕೊಳ್ಳಿರಿ. ಅವರು ಗೆರೆ ಎಳೆದ ವಚನಗಳಿಗೆ ನಿಮ್ಮ ಕಣ್ಣು ತಾನಾಗಿ ಹೋಗುತ್ತದೆ, ಗೆರೆ ಇಲ್ಲದ ಪುಟಗಳು ಮುಚ್ಚಿಯೇ ಉಳಿಯುತ್ತವೆ. ಮಾರ್ಕನ ಸುವಾರ್ತೆಯಿಂದ ಆರಂಭಿಸಿ. ಅದು 16 ಅಧ್ಯಾಯಗಳ ಚಿಕ್ಕ ಪುಸ್ತಕ, ಒಂದೆರಡು ಸಂಜೆಗಳಲ್ಲಿ ಪೂರ್ತಿ ಓದಬಹುದು. ಅರ್ಥವಾಗದ ಕಡೆ, ಒಪ್ಪಿಗೆಯಾಗದ ಕಡೆ ನಿಮ್ಮ ಗುರುತನ್ನೇ ಹಾಕಿ, ಅಲ್ಲಿನ ಸಭಾಪಾಲಕರ ಮುಂದೆ ಸಂಕೋಚವಿಲ್ಲದೆ ಇಡಿರಿ.

ಮಗಳ ವಿಷಯಕ್ಕೆ ಮತ್ತೆ ಯಾಕೋಬನ ಬಳಿಗೇ ಹೋಗಬೇಕು. ಆದಿಕಾಂಡದ 48ನೆಯ ಅಧ್ಯಾಯದಲ್ಲಿ ಅವನು ಮುದುಕನಾಗಿ, ಕಣ್ಣು ಮಂಜಾಗಿ, ಐಗುಪ್ತದಲ್ಲಿ ಹಾಸಿಗೆ ಹಿಡಿದಿದ್ದಾನೆ. ಯೋಸೇಫನ ಇಬ್ಬರು ಮಕ್ಕಳು, ಮನಸ್ಸೆ ಮತ್ತು ಎಫ್ರಾಯೀಮ್, ಅವನ ಮುಂದೆ ನಿಂತಿದ್ದಾರೆ. ಅವರು ಅಬ್ರಹಾಮನನ್ನು ನೋಡಿದವರಲ್ಲ, ಕಾನಾನ್ ದೇಶವನ್ನೂ ನೋಡಿದವರಲ್ಲ. ಪರದೇಶದಲ್ಲಿ ಹುಟ್ಟಿ ಬೆಳೆದ ಮಕ್ಕಳು. ಅವರನ್ನು ಆಶೀರ್ವದಿಸುವಾಗ ಯಾಕೋಬನು ದೇವರನ್ನು ಎರಡು ಬಗೆಯಲ್ಲಿ ಹೆಸರಿಸುತ್ತಾನೆ: ನನ್ನ ಪಿತೃಗಳಾದ ಅಬ್ರಹಾಮ ಇಸಾಕರು ಯಾರ ಮುಂದೆ ನಡೆದರೋ ಆ ದೇವರು, ಮತ್ತು ನಾನು ಹುಟ್ಟಿದಂದಿನಿಂದ ಈ ದಿನದ ವರೆಗೂ ನನ್ನನ್ನು ಕುರುಬನಂತೆ ನಡಿಸಿದ ದೇವರು. ಬೇತೇಲಿನಲ್ಲಿ ಮೊದಲನೆಯ ಹೆಸರು ಮಾತ್ರ ತಿಳಿದಿದ್ದವನ ಬಾಯಲ್ಲಿ ಈಗ ಎರಡನೆಯದೂ ಇದೆ. ಎರಡನೆಯದು ಬಂದ ಮೇಲೆ ಅವನು ಮೊದಲನೆಯದನ್ನು ಬಿಟ್ಟುಕೊಡಲಿಲ್ಲ. ಯಾಕೋಬನ ದೀರ್ಘ ಬಾಳಿನಲ್ಲಿ ಎಷ್ಟೋ ಘಟನೆಗಳಿದ್ದರೂ, ಇಬ್ರಿಯರಿಗೆ ಬರೆದ ಪತ್ರಿಕೆಯು ಅವನ ನಂಬಿಕೆಯ ಕೃತ್ಯವಾಗಿ ಆರಿಸಿಕೊಂಡದ್ದು ಮೊಮ್ಮಕ್ಕಳನ್ನು ಆಶೀರ್ವದಿಸಿದ ಈ ಗಳಿಗೆಯನ್ನೇ.

ನೀವು ಮಗಳಿಗೆ ಕೊಡಬೇಕಾದದ್ದೂ ಈ ಎರಡೂ. ಅಜ್ಜನ ಕಥೆಗಳನ್ನು ಹೇಳಿರಿ. ಹೇಳುವಾಗ ಅವರನ್ನು ಸಂತರನ್ನಾಗಿ ಮಾಡಬೇಡಿ. ಅವರು ಮುನಿಸಿಕೊಂಡದ್ದು, ಮಳೆ ಬಾರದ ವರ್ಷ ಚಿಂತೆಗೊಳಗಾದದ್ದು, ಯಾರಲ್ಲೋ ಕ್ಷಮೆ ಕೇಳಿದ್ದು ಇದ್ದರೆ ಅದನ್ನೂ ಹೇಳಿರಿ. ದೋಷವಿಲ್ಲದ ಮುತ್ತಜ್ಜ ಮಗುವಿಗೆ ಗೋಡೆಯ ಮೇಲಿನ ಪಟವಾಗಿ ಉಳಿಯುತ್ತಾರೆ, ಅಷ್ಟೆ. ಅವಳು ಮರಾಠಿ, ಹಿಂದಿ, ಇಂಗ್ಲಿಷುಗಳ ನಡುವೆ ಬೆಳೆಯುತ್ತಿದ್ದಾಳೆ. ಅಜ್ಜ ಹಾಡುತ್ತಿದ್ದ ಸಂಗೀತಗಳಲ್ಲಿ ಒಂದನ್ನಾದರೂ ಕನ್ನಡದಲ್ಲೇ ಕಲಿಸಿ, ಅರ್ಥವನ್ನು ಅವಳಿಗೆ ತಿಳಿಯುವ ಮಾತಿನಲ್ಲಿ ಬಿಡಿಸಿ ಹೇಳಿರಿ. ಆದರೆ ಅವಳು ಮುಖ್ಯವಾಗಿ ನೋಡುವುದು ನಿಮ್ಮನ್ನು. ಅವಳಿಗೆ ಪಾಠ ಹೇಳಲಿಕ್ಕಾಗಿ ಅಲ್ಲದೆ, ನಿಮಗೆ ಬೇಕಾಗಿ ನೀವು ಪ್ರಾರ್ಥಿಸುವುದನ್ನು ಅವಳು ಆಗಾಗ ನೋಡುವಂತಾಗಲಿ. ನಿಮ್ಮ ಪತಿಯವರೊಡನೆ ಈ ಕಳವಳವನ್ನು ಹಂಚಿಕೊಂಡಿದ್ದೀರೋ ಇಲ್ಲವೋ ನೀವು ಬರೆದಿಲ್ಲ, ಹಂಚಿಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ ನಿಮ್ಮ ತಂದೆಯವರು. ಪತ್ರದಲ್ಲಿ ಅವರ ಬಗ್ಗೆ ಒಂದೇ ಸಾಲು ಇದೆ, ಆ ಸಾಲಿನಲ್ಲಿ ಸ್ವಲ್ಪ ಬೇಸರವೂ ಇದೆ. ಒಂದು ಸಂಗತಿಯನ್ನು ನೆನಪಿಡಿ: ನೀವು ಕಂಡ ಅಜ್ಜ ಮತ್ತು ನಿಮ್ಮ ತಂದೆ ಕಂಡ ಅಪ್ಪ ಒಬ್ಬರೇ ಮನುಷ್ಯರಾದರೂ ಒಂದೇ ವಯಸ್ಸಿನವರಲ್ಲ. ನಿಮಗೆ ಸಿಕ್ಕಿದ್ದು ನಿವೃತ್ತಿಯ ಹೊತ್ತಿನ ಬಿಡುವು, ಮೃದುವಾದ ಸ್ವರ. ಅವರಿಗೆ ಸಿಕ್ಕಿದ್ದು ಪ್ರಾಯದ ಶಿಕ್ಷಕನ ಬಿಗಿ, ಸಂಬಳ ಸಾಲದ ದಿನಗಳು, ಹಿರಿಯರ ಮಗ ಹೀಗಿರಬೇಕೆಂದು ಸಭೆಯವರು ಇಟ್ಟ ನಿರೀಕ್ಷೆ ಇರಬಹುದು. ಇಂಥ ಮಕ್ಕಳು ದೇವಾಲಯವನ್ನು ಬಿಡುವಾಗ ದೇವರನ್ನೇ ಬಿಟ್ಟಿರುತ್ತಾರೆಂದು ನಿರ್ಣಯಿಸಬಾರದು. ಅಜ್ಜನ ಹೆಸರು ಹೇಳಿ ಅವರನ್ನು ಎಂದಿಗೂ ಚುಚ್ಚಬೇಡಿ. ಬದಲಾಗಿ, ಅಜ್ಜ ಅಪ್ಪನಾಗಿ ಹೇಗಿದ್ದರೆಂದು ಬಿಡುವಾಗಿ ಕೇಳಿರಿ, ಬರುವ ಉತ್ತರವನ್ನು ತಿದ್ದದೆ ಕೇಳಿಸಿಕೊಳ್ಳಿರಿ. ಈಗ ಅವರೂ ಒಬ್ಬ ಮೊಮ್ಮಗಳ ಅಜ್ಜ. ಮುಂದಿನ ರಜೆಗೆ ಅವರು ಪುಣೆಗೆ ಬಂದಾಗ, ಚಿಕ್ಕಂದಿನಲ್ಲಿ ಕಲಿತ ಸಂಗೀತಗಳಲ್ಲಿ ಯಾವುದು ಇನ್ನೂ ನೆನಪಿದೆಯೋ ಅದನ್ನು ಮಗುವಿಗೆ ಹೇಳಿಕೊಡುವಂತೆ ಕೇಳಿ ನೋಡಿರಿ. ಒಲ್ಲೆನೆಂದರೆ ಒತ್ತಾಯಿಸಬೇಡಿ, ಇನ್ನೊಂದು ರಜೆಯಲ್ಲಿ ಮತ್ತೆ ಕೇಳಿರಿ.